ನಿಂತೇ ಹೋಗುವ ರೋಲರ್ ಕೋಸ್ಟರ್

ಚನ್ನಪಟ್ಟಣದ ಹತ್ತಿರದ ನಮ್ಮ ಶಾಲೆಯ ಮಕ್ಕಳನ್ನು ಕಳೆದ ವರ್ಷ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಬಿಸಿಯೂಟದ ಅಡುಗೆಯಮ್ಮನೂ ಜೊತೆಗಿದ್ದರು. ನಿಂತುಕೊಂಡೇ ಹೋಗುವ ರೋಲರ್ ಕೋಸ್ಟರ್ ಮುಂದೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು, “ಮಿಸ್, ತಲೆಕೆಳಗಾದಾಗ ಬಿದ್ದೋಗಲ್ವಾ?”

“ಕಾಲುಗಳ ನಡುವೆ ಸೈಕಲ್ ಸೀಟಿನಂಥದ್ದು ಇರುತ್ತೆ. ಭುಜದ ಮೇಲೆ ಗಟ್ಟಿ ಪಟ್ಟಿ ಕೂರುತ್ತೆ. ನೀರು ತುಂಬಿದ ಬಕೆಟ್ಟನ್ನು ಜೋರಾಗಿ ಮೇಲಿಂದ ಕೆಳಕ್ಕೆ ಸುತ್ತಿಸಿದರೆ ನೀರು ಚೆಲ್ಲಲ್ಲ ಅಲ್ವಾ? ಹಾಗೇ ಇದೂ,” ಎಂದೆ.

ಅಡುಗೆಯಮ್ಮನೂ ಕೇಳಿಸಿಕೊಂಡರು. “ಹಂಗಾದ್ರೆ ನಾನೂ ಬತ್ತೀನಿ ಮಿಸ್.”

ಹೆಡ್‌ಮಾಸ್ಟರ್ ನಕ್ಕರು. “ಈ ವಯಸ್ಸಲ್ಲಿ ನಿಂಗ್ಯಾಕಮ್ಮ? ಬ್ಯಾಗ್ ನೋಡ್ಕೊಂಡು ಕೂತಿರು.”

“ದಿನಾ ಒಲೆ ಮುಂದೆ ನಿಂತ್ಕಳಕ್ಕೆ ಅಡ್ಡ ಬರ್ದಿರೋ ವಯಸ್ಸು ಇಲ್ಲಿ ಬತ್ತದಾ ಸಾರ್?”

ನಾನು ಬ್ಯಾಗುಗಳನ್ನೆಲ್ಲ ಹೆಡ್‌ಮಾಸ್ಟರ್ ಕೈಗೇ ಕೊಟ್ಟೆ. ಸೀರೆಯಲ್ಲಿ ಬಿಡುವುದಿಲ್ಲ ಎಂದು ಗೇಟಿನವನು ಹೇಳಿದಾಗಲೂ ಅಡುಗೆಯಮ್ಮ ಹಿಂದೆಗೆಯಲಿಲ್ಲ. ನೀರಾಟಕ್ಕೆಂದು ನಾನು ತಂದಿದ್ದ ಚೂಡಿದಾರ ಹಾಕಿಕೊಂಡು ಬಂದರು. ಅದು ಅವರಿಗೆ ಬಿಗಿಯಾಗಿತ್ತು, ಆದರೂ ತಲೆಯೆತ್ತಿಯೇ ನಡೆದರು.

ಅವರ ಜೊತೆ ನಾನೂ ಹತ್ತಿದೆ. ಗಾಡಿ ಮೇಲೇರುವಾಗ ಭುಜದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅದು ಕೆಳಕ್ಕೆ ಧುಮುಕಿದಾಗ ನಾನು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಅವರು ಗಂಟಲು ಹರಿಯುವಂತೆ ಕೂಗುತ್ತಿದ್ದರು, ನಡುನಡುವೆ ನಗುತ್ತಿದ್ದರು. ಅಷ್ಟು ದೊಡ್ಡ ದನಿ ಅವರಲ್ಲಿದೆ ಎಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಇಳಿದು ಇಬ್ಬರೂ ಹೆಡ್‌ಮಾಸ್ಟರ್ ಬಳಿ ಬಂದೆವು.

“ಆಯ್ತಾ ಆಸೆ? ಸಾಕಾ?” ಎಂದರು ಹೆಡ್‌ಮಾಸ್ಟರ್.

“ಒಸಿ ಇರಿ ಸಾರ್, ಇನ್ನೂ ಒಂದ್ಸಲ ಐತೆ,” ಎಂದು ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ನನ್ನ ಹೆದರಿಕೆ ಹೋಗಿರಲಿಲ್ಲ, ಆದರೂ ನಾನು ಅವರ ಹಿಂದೆಯೇ ಹೋದೆ.