ಎದುರು ಮನೆ ದೊಡ್ಡವ್ವನಿಗೆ ಸೇರದ ಕಂತು

ಕಳೆದ ತಿಂಗಳು ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಬಂಡಿಯಲ್ಲಿ ಒಬ್ಬಾಕೆ ಮಂಡಕ್ಕಿ ಒಗ್ಗರಣೆ ಕಲಸುತ್ತಿದ್ದಳು. ಕಾದ ಎಣ್ಣೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಸಿಡಿದು, ನೆನೆಸಿ ಹಿಂಡಿದ ಮಂಡಕ್ಕಿ ಬಿದ್ದು, ಕೊನೆಗೆ ಪುಟಾಣಿ ಹಿಟ್ಟು ಉದುರಿದಾಗ ಒಂದು ವಾಸನೆ ಏಳುತ್ತದಲ್ಲ… ಅದು ನನ್ನನ್ನು ನೆಟ್ಟಗೆ ಮಸ್ಕಿಯ ನಮ್ಮ ಓಣಿಗೆ, ಎದುರು ಮನೆ ದೊಡ್ಡವ್ವನ ಪಡಸಾಲೆಗೆ ಎಳೆದುಕೊಂಡು ಹೋಯಿತು.

ದೊಡ್ಡವ್ವ ನಮಗೆ ಸಂಬಂಧಿಯಲ್ಲ. ನಮ್ಮ ಅವ್ವ ಆಕೆಯನ್ನು ‘ಯಕ್ಕಾ’ ಅನ್ನುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಆತನ ಬಟ್ಟೆ ಅಂಗಡಿಯನ್ನು ಆಕೆಯೇ ನಡೆಸುತ್ತಿದ್ದಳು, ಮಗ ಪರಊರಿನಲ್ಲಿ ನೌಕರಿಯಲ್ಲಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ರವಿಕೆ ಕಣ, ಅದರ ಒಳಗೆ ಕೊಡುವ ಅಸ್ತರ, ಸೀರೆಯ ಫಾಲ್, ಲಂಗದ ಬಟ್ಟೆ. ನಾನು ಡಿಗ್ರಿ ಮುಗಿಸಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಆಕೆಯ ಅಂಗಡಿಗೆ ಓಡುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಆಕೆಯನ್ನು ಮಾತಿನಲ್ಲಿ ಯಾರೂ ಮೀರುತ್ತಿರಲಿಲ್ಲ.

ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಟಿವಿ ಇತ್ತು. ಆಸ್ಪತ್ರೆಯ ಕಥೆಯ ಒಂದು ಧಾರಾವಾಹಿ ಆಗ ಮನೆಮನೆಯಲ್ಲೂ ಓಡುತ್ತಿತ್ತು. ಅದು ಬರುವ ಸಂಜೆ ಹೊತ್ತಿಗೆ ಹೆಂಗಸರೆಲ್ಲ ರೊಟ್ಟಿ ಬಡಿಯಬೇಕು, ಗಂಡಸರಿಗೆ ವಾರ್ತೆ ಬೇಕು. ಹಾಗಾಗಿ ನಮ್ಮ ಓಣಿಯವರು ಮರುದಿನ ಮಧ್ಯಾಹ್ನದ ಮರುಪ್ರಸಾರಕ್ಕೆ ದೊಡ್ಡವ್ವನ ಮನೆಯಲ್ಲಿ ಸೇರುತ್ತಿದ್ದೆವು. ಗಿರಾಕಿಗಳು ಬಾರದ ಹೊತ್ತು ಅದು. ಆಕೆ ದೊಡ್ಡ ಬುಟ್ಟಿಯಲ್ಲಿ ಒಗ್ಗರಣೆ ಕಲಸಿ ನಡುವೆ ಇಡುತ್ತಿದ್ದಳು. ಕಂತು ಮುಗಿದ ಮೇಲೆ ಮಾತು ಶುರು. ಧಾರಾವಾಹಿಗಿಂತ ಆ ಮಾತೇ ಉದ್ದ, ಮತ್ತು ನನಗೆ ಆ ಮಾತೇ ಹೆಚ್ಚು ಇಷ್ಟ.

ಆಕೆಯ ನಾಲಿಗೆ ಎಲ್ಲರಿಗೂ ಹಿಡಿಸುತ್ತಿತ್ತು ಎಂದಲ್ಲ. ಒಮ್ಮೆ ಮೂಲೆಮನೆಯ ಸೊಸೆ ತನ್ನ ಹೊಸ ಸೀರೆ ತೋರಿಸಿದಾಗ, ಯಾರೂ ಕೇಳದಿದ್ದರೂ, ‘ಒಂದು ತೊಳತಕ್ಕ ಬಣ್ಣ ಬಿಡತೈತಿ’ ಅಂದುಬಿಟ್ಟಳು. ಆ ಹುಡುಗಿ ತಿಂಗಳುಗಟ್ಟಲೆ ಆ ಕಡೆ ಬರಲಿಲ್ಲ. ಬಣ್ಣವೇನೋ ಬಿಟ್ಟಿತು. ಆದರೂ ಹೇಳಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ…

ಒಂದು ದಿನದ ಕಂತು ಹೀಗಿತ್ತು. ಒಬ್ಬ ಮುದುಕಿಗೆ ವಾಸಿಯಾಗದ ಕಾಯಿಲೆ. ಮಗ ಡಾಕ್ಟರರ ಕೈಹಿಡಿದು, ತಾಯಿಗೆ ಹೇಳಬೇಡಿ ಎಂದು ಬೇಡಿಕೊಳ್ಳುತ್ತಾನೆ. ಡಾಕ್ಟರು ಮುದುಕಿಯ ತಲೆ ಸವರಿ, ನಿಮಗೇನೂ ಆಗಿಲ್ಲಮ್ಮ, ಹಬ್ಬಕ್ಕೆ ಮನೆಗೆ ಹೋಗುತ್ತೀರಿ ಅನ್ನುತ್ತಾರೆ. ಮುದುಕಿ ನಗುನಗುತ್ತ ಹಬ್ಬದ ಅಡುಗೆಯ ಮಾತಾಡುತ್ತಲೇ ಕಣ್ಣು ಮುಚ್ಚುತ್ತಾಳೆ. ಡಾಕ್ಟರು ಹೊರಗೆ ಬಂದು ಗೋಡೆಗೆ ಒರಗಿ ಅಳುತ್ತಾರೆ. ಹಿಂದೆ ಕೊಳಲು.

ಪಡಸಾಲೆಯಲ್ಲಿ ಎಲ್ಲರ ಸೆರಗೂ ಕಣ್ಣಿಗೆ ಹೋಗಿತ್ತು. ‘ಮಗ ಅಂದ್ರ ಹಿಂಗಿರಬೇಕು ನೋಡ್ರಿ’ ಎಂದು ಒಬ್ಬರು. ‘ಡಾಕ್ಟರ ಅಲ್ಲವಾ, ದೇವ್ರು ಅಂವಾ’ ಎಂದು ಇನ್ನೊಬ್ಬರು.

ದೊಡ್ಡವ್ವ ಟಿವಿ ಬಂದ್ ಮಾಡಿ ತಿರುಗಿ ಕೂತಳು.

‘ನಂಗ ಸೇರಲಿಲ್ಲವಾ ಇದು. ಅಕಿ ಸಾಯಾಕತ್ಯಾಳ ಅಂತ ಮಗಗ ಗೊತ್ತು, ಸೊಸಿಗೆ ಗೊತ್ತು, ಕಸಾ ಹೊಡಿಯಾಕಿಗೂ ಗೊತ್ತು. ಅಕಿಗೊಬ್ಬಾಕಿಗೇ ಗೊತ್ತಿಲ್ಲ. ಇದೆಂಥಾ ಪ್ರೀತಿ?’

ಗದ್ದಲವೋ ಗದ್ದಲ. ನಮ್ಮ ಅವ್ವನೂ ಆಕೆಯ ವಿರುದ್ಧವೇ ನಿಂತಳು. ‘ಗೊತ್ತಾಗಿ ಏನ್ ಮಾಡೂದೈತಿ ಯಕ್ಕಾ? ಸಾಯೂದು ತಪ್ಪಂಗಿಲ್ಲ, ಅಂಜಿಕಿ ಒಂದ ಹೆಚ್ಚು. ನಕ್ಕೋಂತ ಹೋದ್ಲಲ್ಲ, ಪುಣ್ಯವಂತಿ.’

ದೊಡ್ಡವ್ವ ಅವ್ವನ ಮುಖ ನೋಡಿ, ಒಗ್ಗರಣೆಯ ಬುಟ್ಟಿಯನ್ನು ಆಕೆಯ ಕಡೆ ಸರಿಸಿದಳು.

ವಾಹಿನಿಯವರು ಕಂತಿನ ಬಗ್ಗೆ ಅಭಿಪ್ರಾಯ ಬರೆಯಿರಿ ಎಂದು ತಮ್ಮ ಅಂತರ್ಜಾಲ ಪುಟದಲ್ಲಿ ಕೇಳಿದ್ದರು. ನನ್ನ ಫೋನಿನಲ್ಲಿ ಎಲ್ಲರ ಪರವಾಗಿ ಬರೆಯುವ ಕೆಲಸ ನನ್ನದು. ಎಲ್ಲರದೂ ಹೊಗಳಿಕೆಯೇ. ದೊಡ್ಡವ್ವ ಮಾತ್ರ, ‘ನಂದೂ ಬರಿ. ಡಾಕ್ಟರು ಛಲೋ ಮನಷ್ಯಾ, ಆದ್ರ ಆ ತಾಯಿನ್ನ ಕೂಸಿನಂಗ ಮಾಡಿದ್ರು, ಅದು ತಪ್ಪು ಅಂತ ಬರಿ’ ಎಂದಳು. ಬರೆದೆ. ಮರುದಿನ ನೋಡಿದರೆ ಎಲ್ಲೆಲ್ಲಿಯವರೋ ಬೈದು ಹಾಕಿದ್ದಾರೆ. ಒಂದೊಂದನ್ನೂ ಓದಿಸಿಕೊಂಡಳು. ಯಾರೋ ಒಬ್ಬ, ‘ನಿಮಗೆ ಕರುಳೇ ಇಲ್ಲವೇನಮ್ಮ?’ ಎಂದು ಬರೆದಿದ್ದ. ಆಕೆ ಗಲಗಲ ನಕ್ಕಳು.

‘ಕರುಳು ಐತಿ ಅಂತನ ಹೇಳಾಕತ್ತೀನಿ ಅಂತ ಬರಿ ಅವಗ.’

ಅದಾಗಿ ಮಳೆಗಾಲ ಕಳೆಯಿತು. ಅವ್ವನಿಗೆ ಊಟ ಸೇರದಾಯಿತು. ಮೊದಲು ಸಿಂಧನೂರಿನಲ್ಲಿ ತೋರಿಸಿದೆವು. ಅವರು ಸ್ಕ್ಯಾನಿಂಗಿಗೆಂದು ರಾಯಚೂರಿಗೆ ಬರೆದುಕೊಟ್ಟರು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವ್ವ, ಗೊಬ್ಬರದ ಅಂಗಡಿ ನಡೆಸುವ ಅಣ್ಣ ಮತ್ತು ನಾನು. ಡಾಕ್ಟರು ನನ್ನನ್ನೂ ಅಣ್ಣನನ್ನೂ ಒಳಗೆ ಕರೆದು, ಯಕೃತ್ತಿನಲ್ಲಿ ಗಡ್ಡೆ, ಬಹಳ ಮುಂದುವರಿದಿದೆ, ನೋವಿಗೆ ಔಷಧ ಕೊಡಬಹುದು ಅಷ್ಟೇ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವ, ‘ಏನಂದ್ರಪಾ?’ ಎಂದು ಕೇಳಿದಳು. ಅಣ್ಣ, ‘ಏನಿಲ್ಲಬೇ, ಪಿತ್ತ ಆಗೈತಂತ’ ಅಂದ. ನಾನೂ ತಲೆಯಾಡಿಸಿದೆ.

ಮನೆಗೆ ಬಂದ ಮೇಲೆ ನಮ್ಮ ನಾಟಕ ಶುರುವಾಯಿತು. ಅಣ್ಣ ಸುಮ್ಮಸುಮ್ಮನೆ ತಮಾಷೆ ಮಾಡುತ್ತಿದ್ದ. ನಾನು ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು ಒಳಗೆ ಬರುತ್ತಿದ್ದೆ. ಗೋಡೆಗೆ ಒರಗಿ ಅಳುವ ಆ ಡಾಕ್ಟರ ನೆನಪು ಬಂದು ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಕೊನೆಗೆ ತಾಳಲಾರದೆ, ಅಸ್ತರ ತರುವ ನೆಪದಲ್ಲಿ ದೊಡ್ಡವ್ವನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಆಕೆ ಅಂಗಡಿಯ ಬಾಗಿಲು ಮುಂದಕ್ಕೆಳೆದು, ಅಣ್ಣನನ್ನು ಕರೆಯಕಳಿಸಿದಳು. ಅಣ್ಣ ಬಂದವನೇ ನನ್ನತ್ತ ಕೆಕ್ಕರಿಸಿ ನೋಡಿದ. ‘ದೊಡ್ಡವ್ವ, ಅವ್ವಗ ಹೇಳಬ್ಯಾಡ್ರಿ. ಅಕಿನ ಹೇಳ್ಯಾಳಲ್ಲ, ಗೊತ್ತಾದ್ರ ಅಂಜಿಕಿ ಒಂದ ಹೆಚ್ಚು ಅಂತ. ನಿಮ್ಮ ಮುಂದನ ಹೇಳ್ಯಾಳ.’

‘ಅದು ಟಿವಿಯಾಗಿನ ಮುದುಕಿ ಮಾತಪಾ. ತನ್ನ ಮಾತು ಅಕಿನ್ನ ಯಾರ ಕೇಳ್ಯಾರ?’

ಆಗ ದೊಡ್ಡವ್ವ, ನಾನು ಅದುವರೆಗೆ ಆಕೆಯ ಬಾಯಿಂದ ಕೇಳದಿದ್ದ ಮಾತನ್ನು ಹೇಳಿದಳು. ಆಕೆಯ ಗಂಡ ಆಸ್ಪತ್ರೆಯಲ್ಲಿದ್ದಾಗ, ಉಳಿಯುವುದಿಲ್ಲವೆಂದು ಮೈದುನಂದಿರಿಗೆಲ್ಲ ತಿಳಿದಿತ್ತಂತೆ. ಹೆಣ್ಣುಮಗಳು, ಎದೆ ಒಡೆದುಕೊಂಡಾಳು ಎಂದು ಆಕೆಗೆ ಹೇಳಲಿಲ್ಲ. ನಾಳೆ ಮನೆಗೆ ಕಳಿಸುತ್ತಾರೆ, ನೀನು ಹೋಗಿ ಮನೆ ಸಜ್ಜು ಮಾಡು ಎಂದು ಬಸ್ಸು ಹತ್ತಿಸಿದರು.

‘ನಾ ಬಂದು ನೆಲ ಸಾರಿಸಿದೆ. ಮೆತ್ತಗ ಅನ್ನಾ ಮಾಡಿಟ್ಟೆ. ಮನಿ ಯಜಮಾನ ಬರಾಕತ್ಯಾರ ಅಂತ ಬಾಗಲಾಗ ರಂಗೋಲಿ ಹಾಕಿದ್ನೆಪಾ. ಗಾಡಿ ಬಂತು. ರಂಗೋಲಿ ತುಳಕೊಂತ ಅವರ ಹೆಣಾ ಒಳಗ ತಂದ್ರು.’ ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ. ‘ಆಸ್ಪತ್ರ್ಯಾಗ ಅವ್ರು ಏನರ ಹೇಳಾಕ ನನ್ನ ಹುಡುಕ್ಯಾರೇನೋ, ಇಲ್ಲೇನೋ. ನನಗ ಇವತ್ತಿನ ತನಕ ಗೊತ್ತಿಲ್ಲ. ನನ್ನ ಮ್ಯಾಲಿನ ಪ್ರೀತಿಗೇ ಅವ್ರು ಹಂಗ ಮಾಡಿದ್ರು. ಅದಕ್ಕ ಬೈಯಾಕೂ ಬರಂಗಿಲ್ಲ ನೋಡು.’

ಅಣ್ಣ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಆಮೇಲೆ, ‘ನನ್ನ ಕೈಲಿ ಆಗಂಗಿಲ್ಲ ದೊಡ್ಡವ್ವ. ನೀವ ಮಾತಾಡ್ರಿ’ ಅಂದ.

ಮರುದಿನ ಬೆಳಿಗ್ಗೆ ಆಕೆ ನಮ್ಮ ಮನೆಗೆ ಬಂದಳು. ನೇರವಾಗಿ ಒಡೆದು ಹೇಳುತ್ತಾಳೆ ಎಂದುಕೊಂಡಿದ್ದೆ. ಆದರೆ ಮೂಲೆಮನೆಯ ಸೊಸೆಗೆ ಸೀರೆಯ ಬಣ್ಣ ಬಿಡುತ್ತದೆಂದು ಹೇಳಿದ ದೊಡ್ಡವ್ವ ಆಕೆಯಾಗಿರಲಿಲ್ಲ. ಅವ್ವನ ಹಾಸಿಗೆಯ ಪಕ್ಕ ಕೂತು, ಮೊಣಕಾಲು ಒತ್ತುತ್ತ ಊರ ಸುದ್ದಿ ಮಾತಾಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: ‘ಅವತ್ತು ಟಿವಿಯಾಗ ಆ ಮುದುಕಿ ಕತಿ ನೋಡಿದ್ವಲ್ಲ. ಅಕಿ ಜಾಗಾದಾಗ ನೀ ಇದ್ರ, ನಿನಗ ಹೇಳಬೇಕೇನು, ಬ್ಯಾಡೇನು? ನೀ ಹೆಂಗಂತಿ ಹಂಗ.’

ಅವ್ವ ಸೂರು ನೋಡುತ್ತ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

‘ಯಕ್ಕಾ, ನನ್ನ ಹೊಟ್ಟಿ ನನಗ ಎಂದೋ ಹೇಳೈತಿ’ ಎಂದಳು ಅವ್ವ. ‘ಈ ಹುಡುಗ್ರು ನಗಾಕತ್ಯಾವ, ಅದಕ್ಕ ನಾನೂ ನಗಾಕತ್ತೀನಿ. ಸಾಕಾಗೈತಿ ನಕ್ಕು ನಕ್ಕು.’

ನಾನು ಓಡಿಹೋಗಿ ಆಕೆಯ ಮೇಲೆ ಬಿದ್ದೆ. ರಾಯಚೂರಿನಿಂದ ಬಂದ ಮೇಲೆ ಅವ್ವನ ಮುಂದೆ ನಾನು ಅತ್ತದ್ದು ಅದೇ ಮೊದಲು. ಅವ್ವನೂ ಅತ್ತಳು. ಅಣ್ಣ ಒಳಗೆ ಬಂದು ಆಕೆಯ ಕಾಲು ಹಿಡಿದುಕೊಂಡು ಕೂತ. ಯಾವಾಗ ಎದ್ದು ಹೋದಳೋ, ದೊಡ್ಡವ್ವ ಅಲ್ಲಿರಲಿಲ್ಲ.

ಅಂದಿನಿಂದ ಅವ್ವ ಬೇರೆಯೇ ಆದಳು. ಬೇಕಾದ್ದನ್ನು ಕೇಳತೊಡಗಿದಳು. ಸಂತೆಕಲ್ಲೂರಿನಲ್ಲಿದ್ದ ತನ್ನ ತಂಗಿಯ ಜೊತೆ ಯಾವುದೋ ಮದುವೆ ಮಾತಿಗೆ ಮುನಿಸಾಗಿ ವರ್ಷಗಟ್ಟಲೆ ಮಾತಿರಲಿಲ್ಲ. ಅಣ್ಣನನ್ನು ಕಳಿಸಿ ಆಕೆಯನ್ನು ಕರೆಸಿಕೊಂಡಳು. ಚಿಗವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದರೆ ಅವ್ವ, ‘ಬಾ ಒಳಗ, ಜಗಳ ಆಮ್ಯಾಲೆ ಮಾಡೂಣು’ ಅಂದಳು. ಚಿಗವ್ವ ಕೊನೆಯವರೆಗೂ ನಮ್ಮ ಮನೆಯಲ್ಲೇ ಉಳಿದಳು.

ಬೇಸಿಗೆ ಬೆಳೆಗೆಂದು ಕಾಲುವೆಗೆ ನೀರು ಬಿಟ್ಟಾಗ ಅವ್ವ ತನ್ನ ತವರು ವಳಕಮದಿನ್ನಿಗೆ ಹೋಗಬೇಕೆಂದಳು. ಆಟೊ ಮಾಡಿಕೊಂಡು ಹೋದೆವು. ದೊಡ್ಡವ್ವನೂ ಅಂಗಡಿ ಮುಚ್ಚಿ ಬಂದಳು. ಅವ್ವ, ಚಿಗವ್ವ ಇಬ್ಬರೂ ಕಾಲುವೆ ದಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟರು. ಸುತ್ತ ನಾಟಿಗೆ ಹದ ಮಾಡಿದ ಗದ್ದೆಗಳು. ಅವ್ವ ಅಲ್ಲಿ ಏನೂ ದೊಡ್ಡ ಮಾತಾಡಲಿಲ್ಲ. ‘ನೀರು ತಣ್ಣಗೈತಿ’ ಅಂದಳು ಅಷ್ಟೇ…

ಆ ಭತ್ತ ಕೊಯ್ಲಿಗೆ ಬಂದಾಗ ಅವ್ವ ಹೋದಳು. ತಲೆ ಚಿಗವ್ವನ ತೊಡೆಯ ಮೇಲಿತ್ತು, ಕೈ ಅಣ್ಣನ ಕೈಯಲ್ಲಿತ್ತು. ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದಳು. ಬೈಯಬೇಕಾದ್ದನ್ನೂ ಬೈದಿದ್ದಳು.

ಕೆಲ ವರ್ಷಗಳ ಮೇಲೆ ನಾನು ಮದುವೆಯಾಗಿ ಸಿಂಧನೂರಿಗೆ ಬಂದೆ. ಹೊಲಿಗೆ ಅಂಗಡಿ ಹಾಕಿದೆ. ಒಂದು ದಿನ ಅಣ್ಣ ಫೋನ್ ಮಾಡಿ, ದೊಡ್ಡವ್ವನನ್ನು ಸಿಂಧನೂರಿನ ಆಸ್ಪತ್ರೆಗೇ ಸೇರಿಸಿದ್ದಾರೆ ಎಂದ. ಗಂಜಿ ತೆಗೆದುಕೊಂಡು ಹೋದೆ. ಮುಖ ಊದಿತ್ತು, ಉಸಿರು ಕಷ್ಟಪಟ್ಟು ಬರುತ್ತಿತ್ತು. ಡಾಕ್ಟರು ಬಂದು ವರದಿ ನೋಡಿ, ಬಾಗಿಲ ಬಳಿ ನಿಂತಿದ್ದ ಆಕೆಯ ಮಗನ ಕಡೆ ಹೊರಟರು. ದೊಡ್ಡವ್ವ ಕರೆದಳು.

‘ಯಪ್ಪಾ ಡಾಕ್ಟರ, ರೋಗ ನಂದು, ಅವಂದಲ್ಲ. ಇಲ್ಲಿ ಕುಂದ್ರು. ನನಗ ಹೇಳು.’

ಆ ಚಿಕ್ಕ ವಯಸ್ಸಿನ ಡಾಕ್ಟರು ಒಂದು ಗಳಿಗೆ ತಡವರಿಸಿ, ಸ್ಟೂಲ್ ಎಳೆದುಕೊಂಡು ಕೂತರು. ಹೃದಯ ಸೋತಿದೆ ಎಂದು, ಎಷ್ಟು ದಿನ ಎಂದು ತಮಗೂ ತಿಳಿಯದೆಂದು, ಮರೆಮಾಚದೆ ಹೇಳಿದರು. ಆಕೆ ನಡುನಡುವೆ ಪ್ರಶ್ನೆ ಕೇಳಿದಳು. ಎಲ್ಲ ಮುಗಿದ ಮೇಲೆ ಅವರ ಕೈ ಮೇಲೆ ಕೈಯಿಟ್ಟು, ‘ಟಿವಿಯಾಗಿನ ಡಾಕ್ಟರಗಿಂತ ನೀ ಶಾಣ್ಯಾ ಅದಿ’ ಅಂದಳು. ಅವರಿಗೆ ಅರ್ಥವಾಗಲಿಲ್ಲ. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಆಕೆಗೆ ಅಂಜಿಕೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ಮನೆಗೆ ಕರೆದೊಯ್ಯಿರಿ ಎಂದು ಆಕೆಯೇ ಹಟ ಹಿಡಿದಳು. ಹೊರಡುವ ಮುಂಚೆ ನನಗೆ, ‘ಒಂದು ಬಿಳಿ ರವಿಕಿ ಹೊಲಿ. ಹೋಗುವಾಗ ಹಾಕೋತೀನಿ. ತೋಳು ಸಡ್ಲ ಇರಲಿ, ಕೈ ಬಾತಾವು’ ಎಂದಳು. ಹೊಲಿದು ಮಸ್ಕಿಗೆ ಒಯ್ದೆ. ಹಾಸಿಗೆಯ ಮೇಲೆ ಎದ್ದು ಕೂತು, ಹೊಲಿಗೆಯ ಮೇಲೆ ಬೆರಳಾಡಿಸಿ, ಒಳಮಗ್ಗಲು ತಿರುವಿ ನೋಡಿದಳು. ‘ಹೊಲಿಗಿಯಾಗ ಕೈ ಚೆಂದ ಕುಂತೈತಿ ನಿಂದು’ ಎಂದಳು. ಅಷ್ಟು ವರ್ಷ ಆಕೆಯ ಅಂಗಡಿಯ ಬಟ್ಟೆ ಹೊಲಿದಿದ್ದೇನೆ, ಒಮ್ಮೆಯೂ ಹೊಗಳಿರಲಿಲ್ಲ. ಇಲ್ಲದ್ದನ್ನು ಹೇಳುವವಳಲ್ಲವಾದ್ದರಿಂದ ಆ ಒಂದು ಮಾತನ್ನು ನಾನು ಪೂರ್ತಿ ನಂಬಿದೆ. ಈಗಲೂ ನಂಬಿಕೊಂಡೇ ಕತ್ತರಿ ಹಿಡಿಯುತ್ತೇನೆ.

ಆ ವಾರವೇ ಆಕೆ ಹೋದಳು. ಮಗ ಪಕ್ಕದಲ್ಲಿದ್ದ. ಆ ರವಿಕೆಯನ್ನೇ ಹಾಕಿದರು.

ಈಚೆಗೆ ಅಣ್ಣ ಊರ ಹೊರಗೆ ಹೊಸ ಮನೆ ಮಾಡಿಕೊಂಡಿದ್ದಾನೆ. ನಮ್ಮ ಓಣಿಯ ಮನೆ ಬಾಡಿಗೆಗೆ ಹೋಗಿದೆ. ದೊಡ್ಡವ್ವನ ಬಟ್ಟೆ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆಯಂತೆ. ನಾನು ನೋಡಿಲ್ಲ.

ಲಿಂಗಸುಗೂರಿನಲ್ಲಿ ಅವತ್ತು ಬಸ್ಸು ಬಂತು, ಹತ್ತಿದೆ. ದಾರಿಯಲ್ಲಿ ಮಸ್ಕಿ. ಅಲ್ಲಿ ಬಸ್ಸು ನಿಂತಾಗ ನಾನು ಎದ್ದು ನಿಂತಿದ್ದೆನಂತೆ, ನನಗೇ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಇಳಿಯುವವಳೆಂದುಕೊಂಡು ಮೊಣಕಾಲು ಸರಿಸಿ ದಾರಿ ಬಿಟ್ಟಳು. ನಾನು ಮತ್ತೆ ಕೂತೆ.

‘ಮಸ್ಕ್ಯಾಗ ನಿಮ್ಮೋರು ಅದಾರೇನವಾ?’ ಎಂದು ಕೇಳಿದಳು.

‘ಇದ್ರುರೀ’ ಎಂದೆ.