ಬಾಸ್ಸು ಹಂಚಿದ ಕಂದುಗಳು

ಮರ್ರಾಕೆಶ್‌ನ ನಮ್ಮ ಪ್ರಯೋಗಾಲಯದಲ್ಲಿ ಬೂಷ್ಟುಗಳ ಜಾತಿ ಗುರುತಿಸುತ್ತಿದ್ದವಳು ತೂದಾ. ಕಣ್ಣಿಗೆ ಒಂದೇ ಥರ ಕಾಣುವ ಬೂಷ್ಟುಗಳನ್ನು ಬೆಳೆಸಿ, ಅವುಗಳ ಕೊಬ್ಬನ್ನು ಬೇರ್ಪಡಿಸಿ ಯಂತ್ರಕ್ಕೆ ಕೊಟ್ಟರೆ ಯಾವ ಕೊಬ್ಬಿನ ಆಮ್ಲ ಎಷ್ಟಿದೆಯೆಂದು ತಿಳಿಯುತ್ತದೆ. ಆ ಪಾಲು ನೋಡಿ ಜಾತಿ ಹೇಳಬೇಕು. ಆದರೆ ಎಲ್ಲವನ್ನೂ ಒಂದೇ ಶಾಖದಲ್ಲಿ ಬೆಳೆಸಿರಬೇಕು. ಶಾಖ ಹೆಚ್ಚಿದರೆ ಕೊಬ್ಬಿನ ಪಾಲೇ ಬದಲಾಗುತ್ತದೆ. ನನಗೆ ಇದನ್ನು ಬೈದು ಬೈದು ಕಲಿಸಿದವಳೂ ಅವಳೇ.

ಆ ಬೇಸಿಗೆಯಲ್ಲಿ ಅವಳ ಊರಾದ ಝಗೋರಾದಿಂದ ಅವಳ ತಮ್ಮ ಬಾಸ್ಸು ಖರ್ಜೂರದ ಗರಿಯೊಂದನ್ನು ತಂದ. ಅದರ ಒಂದು ಮಗ್ಗುಲು ಬೆಳ್ಳಗೆ ಒಣಗಿತ್ತು. ಖರ್ಜೂರದ ಮರಗಳನ್ನು ಕೊಲ್ಲುವ ಬಯೂದ್ ಎಂಬ ಬೂಷ್ಟುರೋಗ ಶುರುವಾಗುವುದೂ ಹೀಗೆಯೇ.

“ಬಯೂದ್ ರೋಗ ಅಲ್ಲ ಅಂತ ಹೇಳಕ್ಕಾ. ಹೌದು ಅಂದ್ರೆ ಅಪ್ಪ ನೆಟ್ಟ ತೋಟಾನ ಬೇರು ಸಮೇತ ಸುಡಿಸ್ತಾರೆ.”

“ಬೂಷ್ಟು ನನ್ನ ಮಾತು ಕೇಳುತ್ತೇನೋ? ಕೂತ್ಕೋ, ಟೀ ಕುಡಿ.”

ಗರಿಯೊಳಗಿನ ಬೂಷ್ಟನ್ನು ಬೆಳೆಯಲು ಇಟ್ಟಾಗಲೇ ಕರೆಂಟು ಹೋಯಿತು. ಬೂಷ್ಟು ಬೆಳೆಸುವ ಪೆಟ್ಟಿಗೆಯೊಳಗೆ ಕುಲುಮೆಯಂಥ ಸೆಕೆ. “ಮತ್ತೆ ಬೆಳೆಸೋಣ” ಎಂದೆ. “ನಂಗೇ ಹೇಳ್ಕೊಡ್ತೀಯಾ?” ಎಂದು ರೇಗಿದಳು. ಬಾಗಿಲಲ್ಲಿ ಬಾಸ್ಸು ಊಟ ಬಿಟ್ಟು ಕೂತಿದ್ದ. ಸೆಕೆಯಲ್ಲಿ ಬೆಳೆದದ್ದನ್ನೇ ಯಂತ್ರಕ್ಕೆ ಕೊಟ್ಟಳು. ಯಂತ್ರ ತೋರಿಸಿದ ಪಾಲು ಬಯೂದಿನದಕ್ಕೆ ಹೊಂದಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ, ನಂಬಿಬಿಟ್ಟಳು. “ಬಯೂದ್ ಅಲ್ಲ ಕಣೋ” ಎಂದಾಗ ಬಾಸ್ಸು ಅಕ್ಕನನ್ನು ತಬ್ಬಿ ಅತ್ತ.

ಊರಿಗೆ ಹೋದವನೇ ಕುರಿ ಕಡಿಸಿದ. ಗರಿ ತಂದಿದ್ದ ಅದೇ ಮರದ ಬುಡದಲ್ಲಿ ಮರಿಸಸಿಗಳಾಗಿ ಎದ್ದಿದ್ದ ಕಂದುಗಳನ್ನು ಕಿತ್ತು, ನೆಟ್ಟುಕೊಳ್ಳಲಿ ಎಂದು ಬಂಧುಗಳ ಮನೆಮನೆಗೂ ಸಂತೋಷಕ್ಕೆಂದು ಹಂಚಿದ.

ಕೆಲವು ವರ್ಷ ಕಳೆಯುವಷ್ಟರಲ್ಲಿ ಆ ಕಂದು ನೆಟ್ಟ ತೋಟಗಳೆಲ್ಲ ಬೆಳ್ಳಗಾಗತೊಡಗಿದವು. ಸುದ್ದಿ ಕೇಳಿದ ತೂದಾ, ಆ ಗರಿಯಿಂದ ತೆಗೆದು ಕಾಪಿಟ್ಟಿದ್ದ ಬೂಷ್ಟನ್ನು ಸರಿಯಾದ ಶಾಖದಲ್ಲಿ ಮತ್ತೆ ಬೆಳೆಸಿ ನೋಡಿದಳು. ಬಯೂದೇ. ಅವಳ ಮುಖ ನೋಡಲಾಗದೆ ನಾನು ಹೊರಗೆ ಹೋದೆ.

ಊರಿನವರು ದೇವರ ಚಿತ್ತ ಎಂದುಕೊಂಡಿದ್ದರು, ಕಂದಿನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಆದರೆ ಕಂದುಗಳನ್ನು ಕಿತ್ತು ಸುಡದಿದ್ದರೆ ಉಳಿದ ತೋಟಗಳಿಗೂ ಉಳಿಗಾಲವಿಲ್ಲ. ತೂದಾ ನನ್ನನ್ನೂ ಕರೆದುಕೊಂಡು ಹೊರಟಳು. ಚಿಕ್ಕಪ್ಪ ಮೋಹಾನ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಕರೆಂಟು ಹೋದದ್ದರಿಂದ ಹಿಡಿದು ಎಲ್ಲ ಹೇಳಿದಳು.

“ತಪ್ಪು ನಂದು. ಬಾಸ್ಸುಗೆ ಏನೂ ಗೊತ್ತಿರ್ಲಿಲ್ಲ.”

ಮೋಹಾ ತಲೆ ಅಲ್ಲಾಡಿಸಿದ. “ಸೆಕೆಗೆ ಬೂಷ್ಟಿನ ಕೊಬ್ಬು ಬದಲಾಯ್ತಂತೆ! ತಮ್ಮನ್ನ ಉಳಿಸ್ಕೊಳ್ಳೋಕೆ ಎಂಥಾ ಕತೆ ಕಟ್ಟಿದೀಯ ತಾಯಿ! ನೀನು ಬಯೂದ್ ಅಂತಲೇ ಹೇಳಿರ್ತೀಯ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟ.”

“ಇಲ್ಲ ಚಿಕ್ಕಪ್ಪಾ, ಆಣೆ ಮಾಡ್ತೀನಿ!”

“ಬಿಡಮ್ಮ, ನಿನ್ನ ಸಂಕಟ ನಮಗೆ ಅರ್ಥ ಆಗುತ್ತೆ.”

ಬಾಸ್ಸು ಗೋಡೆಗೆ ಒರಗಿ ನಿಂತಿದ್ದ.

ಕಂದುಗಳನ್ನೇನೋ ಸುಟ್ಟರು. ಅಂದಿನಿಂದ ಬಾಸ್ಸು ಕೊಟ್ಟ ನೀರನ್ನೂ ಆ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ. ತೂದಾ ಹೋದರೆ ಮಾತ್ರ ಎಲ್ಲರೂ ಕರೆದು ಕೂರಿಸಿ, ಟೀ ಕೊಟ್ಟು, ಅಕ್ಕ ಅಂದರೆ ಹೀಗಿರಬೇಕು ಎಂದು ಹೊಗಳುತ್ತಾರೆ.