‘ಸಂತೋಷದಿಂದ’ ಕೊಟ್ಟ ತೋಟ

ಕಳೆದ ಭಾನುವಾರ ಮಲವಗೊಪ್ಪದಾಚೆಯ ನೀಲಿ ಗೋಡೆಯ ಸಸ್ಯೋದ್ಯಾನದಲ್ಲಿ ವಯಸ್ಸಾದ ಹೆಂಗಸೊಬ್ಬರು ಗಾರ್ಡ್ ಕೈಲಿ ಬೈಸಿಕೊಂಡರು. ಅವರು ಮಾಡಿದ ತಪ್ಪು? ದೇವಕಣಗಿಲೆ ಮರದ ಒಣಗಿದ ಎಲೆ ಕಿತ್ತಿದ್ದು.

ತೋಟ ನಿಮಗೂ ಗೊತ್ತಿರುತ್ತದೆ. (ರೀಲ್ಸ್‌ನಲ್ಲಾದರೂ ನೋಡಿರುತ್ತೀರಿ.) ಭದ್ರಾವತಿಯಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರೊಬ್ಬರು, ಫ್ಲೆಕ್ಸ್ ಬಂದು ಕೆಲಸ ಹೋದ ಮೇಲೆ, ಕಲ್ಲು ತುಂಬಿದ ಜಾಗದಲ್ಲಿ ಬೆಳೆಸಿದ ತೋಟ. ಮಿಕ್ಕಿದ ನೀಲಿ ಬಣ್ಣ ಗೋಡೆಗೆ ಹೋಯಿತು. ಅವರೀಗ ಇಲ್ಲ. ತೋಟಕ್ಕೆ ಬೇರೆ ಮಾಲೀಕರು, ಟಿಕೆಟ್, ಕೆಫೆ ಎಲ್ಲ ಬಂದಿವೆ.

ಗೇಟಿನಲ್ಲಿ ಇತಿಹಾಸದ ಬೋರ್ಡು: ‘ಕಲಾವಿದರು ಏಕಾಂಗಿಯಾಗಿ ಕಟ್ಟಿದ ಈ ತೋಟವನ್ನು ಸಂತೋಷದಿಂದ ನಮಗೆ ಒಪ್ಪಿಸಿದರು.’

ಏಕಾಂಗಿಯಾಗಿ? ಹಾಗಾದರೆ ಇಷ್ಟೊಂದು ಗಿಡಗಳಿಗೆ ನೀರು ಹೊತ್ತವರು ಯಾರು? ಸಂತೋಷದಿಂದ? ಕೈಯಾರೆ ನೆಟ್ಟದ್ದನ್ನು ಹಾಗೆ ಯಾರು ಕೊಡುತ್ತಾರೆ?

“ಭಾನುವಾರವೂ ಡೌಟಾ? ಫೋಟೋ ತೆಗೀರಿ ಮಾರಾಯ್ರೆ” ಎಂದಳು ಜೊತೆಗಿದ್ದ ನನ್ನ ಹೆಂಡತಿ.

ಬೈಸಿಕೊಂಡ ಹೆಂಗಸು ಮರದ ಹತ್ತಿರವೇ ನಿಂತಿದ್ದರು. ಹೋಗಿ ಮಾತಾಡಿಸಿದೆ.

“ಇದನ್ನ ಆಯನೂರಿಂದ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ತಂದಿದ್ದು ನಾನೇ ಸಾರ್. ಎಲ್ಲಿ ನೆಡ್ಬೇಕು ಅಂತ ಅವ್ರು ಚಿತ್ರ ಬರೆದು ತೋರಿಸ್ತಿದ್ರು. ಗುಂಡಿ ತೋಡ್ತಿದ್ದಿದ್ದು ನಾನು.”

ಹೆಸರು ಮೆಹರುನ್ನಿಸಾ. ಕಲಾವಿದರ ಹೆಂಡತಿ! ಟಿಕೆಟ್ ತೆಗೆದುಕೊಂಡು ತಮ್ಮದೇ ತೋಟ ನೋಡಲು ಬಂದಿದ್ದರು.

“ನಿಜವಾಗ್ಲೂ ಸಂತೋಷದಿಂದ ಕೊಟ್ರಾ?” ಕೇಳಿಯೇಬಿಟ್ಟೆ.

“ಆಸ್ಪತ್ರೇಲಿ ಮಲಗಿದ್ದಾಗ ಸೈನ್ ಹಾಕಿದ್ರು. ಹಾಕಿ, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ಆಮೇಲೆ ನನ್ ಜೊತೇನೂ ಸರಿಯಾಗಿ ಮಾತಾಡ್ಲಿಲ್ಲ.”

ಅವರನ್ನು ಮ್ಯಾನೇಜರ್ ಹತ್ತಿರ ಕರೆದೊಯ್ದು, ಯಾರೆಂದು ಹೇಳಿದೆ. ಆತನ ಮಾತು ಒಮ್ಮೆಲೇ ಜೇನಾಯಿತು. “ಅಯ್ಯೋ ಅಮ್ಮಾ, ಮೊದ್ಲೇ ಹೇಳೋದಲ್ವಾ? ಬನ್ನಿ, ಒಂದು ಫೋಟೋ. ನಮ್ಮ ಪೇಜಿಗೆ ಹಾಕ್ತೀವಿ.”

“ಫೋಟೋ ಬ್ಯಾಡಪ್ಪಾ. ಬೋರ್ಡಲ್ಲಿ ಸಂತೋಷದಿಂದ ಅಂತ ಇದೆಯಲ್ಲ, ಅದನ್ನ ಅಳಿಸು.”

“ಅದೆಲ್ಲಾ ಹೆಡ್ ಆಫೀಸಿಂದ ಬರೋದಮ್ಮಾ...”

ಮೆಹರುನ್ನಿಸಾ ವಾದ ಮಾಡಲಿಲ್ಲ. ಸೀದಾ ಮರದ ಹತ್ತಿರ ಹೋಗಿ, ಒಂದು ಕೊಂಬೆ ಲಟಕ್ಕನೆ ಮುರಿದರು. ಹಾಲು ಸುರಿಯುತ್ತಿದ್ದ ಕೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೇಟಿನ ಕಡೆ ನಡೆದರು. ಗಾರ್ಡ್ ಮ್ಯಾನೇಜರನ ಮುಖ ನೋಡಿದ. ಮ್ಯಾನೇಜರ್ ನನ್ನ ಮುಖ ನೋಡಿದ. (ನಾನು ಪೇಪರಿಗೆ ಬರೆಯುತ್ತೇನೆಂದು ಹೆಂಡತಿ ಅಷ್ಟರಲ್ಲಿ ಹೇಳಿಯಾಗಿತ್ತು.) ಯಾರೂ ತಡೆಯಲಿಲ್ಲ.

ಎರಡು ದಿನ ಬಿಟ್ಟು ಮ್ಯಾನೇಜರನದೇ ಫೋನ್. “ಸಾರ್, ಬೋರ್ಡ್ ಚೇಂಜ್ ಮಾಡಿಸಿದೀವಿ. ಈ ವಾರ ಬೇರೆ ಏನಾದ್ರೂ ಬರೀರಿ.”

ಇಷ್ಟು ಬೇಗ? ನಂಬಿಕೆ ಬರಲಿಲ್ಲ. ನಿನ್ನೆ ಹೋಗಿ ನೋಡಿದೆ. ಬೋರ್ಡು ಹೊಸದೇ. ‘ಸಂತೋಷದಿಂದ’ ಹೋಗಿದೆ. ಆ ಜಾಗದಲ್ಲಿ, ‘ಕುಟುಂಬದವರ ತುಂಬುಹೃದಯದ ಒಪ್ಪಿಗೆಯೊಂದಿಗೆ.’

ಅಲ್ಲಾ, ಈ ಕುಟುಂಬದವರನ್ನು ಕೇಳಿದ್ದು ಯಾರು?